ಮೊದೆಸ್ತಿನೊ ಕಟ್ಟಿದ ಹಳೇ ಒಲೆ

ಆ ಶನಿವಾರ ಬೆಳಿಗ್ಗೆ ಮೊದೆಸ್ತಿನೊ ಎರಡನೆಯ ಕಾಫಿ ಕುಡಿಯದೆ ಮನೆಗೆ ಬಂದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಮೊದಲನೆಯ ಕಾಫಿಯನ್ನು ಅವನು ಯಾವಾಗಲೂ ಬಾಯಿ ಬಿಡದೆ ಕುಡಿಯುವವನು. ಮಾತು ಹೊರಡುವುದು ಎರಡನೆಯದರಲ್ಲಿ.

"ಇವತ್ತು ಸಂಜೆ ಎಲ್ರೂ ಮೂಗು ಒರೆಸ್ಕೊಂಡು ರೆಡಿಯಾಗಿರಿ," ಎಂದ, ಕಾಫಿ ಅಂಗಡಿಯ ಕಟ್ಟೆಗೆ ಮೊಣಕೈ ಊರಿ. "ನಮ್ಮ ಹಿತ್ತಲಿನ ಒಲೆಯಿಂದ ಪಿಜ್ಜಾ ವಾಸನೆ ಬರುತ್ತೆ. ನಾನೂ ಲಿಬೇರಾನೂ ಮದುವೆಯಾಗಿ ಇವತ್ತಿಗೆ ನಲವತ್ತು ವರ್ಷ. ನಲವತ್ತು ವರ್ಷ ಅವಳು ಬೇಯಿಸಿದ್ದನ್ನ ನಾನು ಕೂತ್ಕೊಂಡು ತಿಂದಿದ್ದೀನಿ. ಒಂದು ದಿನ, ಒಂದೇ ಒಂದು ದಿನ, ನಾನು ಬೇಯಿಸಿದ್ದನ್ನ ಅವಳು ಕೂತ್ಕೊಂಡು ತಿನ್ಬೇಕು."

ಮೂಲೆಯಲ್ಲಿ ಒಂದು ದಿನಪತ್ರಿಕೆ ಮೆಲ್ಲಗೆ ಕೆಳಗಿಳಿಯಿತು. ಅದರ ಹಿಂದಿದ್ದವನು ಪುರಸಭೆಯ ಹೊಸ ಸರ್ವೇಯರ್ ಪೆಲ್ಲೆಗ್ರಿನೊ. ಪಿಯೆತ್ರಾಮೊಲ್ಲಾ ಎಂಬ ಈ ಊರಿಗೆ ವರ್ಗವಾಗಿ ಬಂದು ಮೂರೇ ವಾರ. ಅಷ್ಟರೊಳಗೆ ಊರಿನ ಬಾಗಿಲು, ಕಿಟಕಿ, ಕೋಳಿಗೂಡುಗಳನ್ನೆಲ್ಲ ಅಳೆದು ಮುಗಿಸಿದ್ದ. ತಮ್ಮ ನೆರಳನ್ನೂ ಅಳೆದುಬಿಟ್ಟಾನೆಂದು ಜನ ಅವನೆದುರು ಬಿಸಿಲಿನಲ್ಲಿ ನಿಲ್ಲುತ್ತಿರಲಿಲ್ಲ.

"ಹಿತ್ತಲಲ್ಲಿ ಒಲೆನಾ?" ಎಂದ ಪೆಲ್ಲೆಗ್ರಿನೊ. "ನಿಮ್ಮ ಮನೆ ನಕ್ಷೆಯಲ್ಲಿ ಒಲೆ ಇಲ್ವಲ್ಲ. ಹೊಸದಾಗಿ ಕಟ್ಟಿದ್ರಾ? ಪರವಾನಗಿ ಎಲ್ಲಿ?"

ಮೊದೆಸ್ತಿನೊ ಕಾಫಿ ಲೋಟ ಕೆಳಗಿಟ್ಟ. "ಅದು... ಹಳೇದು."

"ಎಷ್ಟು ಹಳೇದು?"

"ತುಂಬಾ."

"ಹಳೇದಾದ್ರೆ ನಂದೇನೂ ತಕರಾರಿಲ್ಲ. ಹೊಸದಾದ್ರೆ ಕೆಡವಿಸ್ಲೇಬೇಕು. ನಾಲ್ಕು ಗಂಟೆಗೆ ಬರ್ತೀನಿ." ಪತ್ರಿಕೆ ಮತ್ತೆ ಮೇಲೇರಿತು.

ಒಲೆ ಮುಗಿದು ಎಂಟು ದಿನವಾಗಿತ್ತು.

ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಮುದ್ರೆ ಒತ್ತಿದವನಿಗೆ ಇಟ್ಟಿಗೆಯ ಗುಮ್ಮಟ ಕಟ್ಟುವ ಕಸುಬು ಎಲ್ಲಿಂದ ಬರಬೇಕು? ಆದರೂ ಆಸೆ ಎಂಬುದು ದೇವರು ಕೊಟ್ಟದ್ದು. ಅದು ಕಸುಬನ್ನು ಕೇಳಿಕೊಂಡು ಬರುವುದಿಲ್ಲ. ಎರಡು ತಿಂಗಳು ಅವನು ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಒಂದೊಂದೇ ಇಟ್ಟಿಗೆ ಕೂರಿಸಿದ. ಗುಮ್ಮಟ ಎದ್ದು ನಿಂತಿತು. ನೆಟ್ಟಗಲ್ಲ, ಪಕ್ಕದ ಮನೆಯ ಜಗಳ ಕೇಳಿಸಿಕೊಳ್ಳುವವರ ಹಾಗೆ ಅಂಜೂರದ ಮರದ ಕಡೆ ವಾಲಿಕೊಂಡು. ಅವನ ಕಣ್ಣಿಗೆ ಮಾತ್ರ ಅದು ಇಗರ್ಜಿಯ ಗೋಪುರಕ್ಕಿಂತ ಚೆಂದ. ಅಂದು ಮುಂಜಾನೆ ಎದ್ದು ದ್ರಾಕ್ಷಿ ಬಳ್ಳಿಯ ಕಡ್ಡಿಗಳಿಂದ ಕೊನೆಯ ಸಲ ಸಣ್ಣ ಬೆಂಕಿ ಮಾಡಿ ಒಳಗಿನ ತೇವವನ್ನೆಲ್ಲ ಆರಿಸಿದ್ದ. ಹಿಟ್ಟನ್ನೂ ತಾನೇ ನಾದಿ, ಬೋಗುಣಿಯಲ್ಲಿಟ್ಟು, ಮಗುವಿಗೆ ಹೊದಿಸಿದಂತೆ ಬಟ್ಟೆ ಹೊದಿಸಿದ್ದ.

ಸುದ್ದಿ ಕೇಳಿ ಲಿಬೇರಾ ಸೊಂಟಕ್ಕೆ ಕೈಯಿಟ್ಟಳು. "ಹಳೇದು ಅಂದ್ಯಾ? ನಿನ್ನೆ ಮೊನ್ನೆ ತಂದ ಇಟ್ಟಿಗೆ, ಕೆಂಪಗೆ ಮದುಮಗಳ ಕೆನ್ನೆ ಥರ ಇದೆ!"

"ಬಾಯಿಗೆ ಬಂದ್ಬಿಡ್ತು ಕಣೆ."

"ನಿನ್ನ ಬಾಯಿಗೆ ಬಂದದ್ದು ಒಳ್ಳೇದೇನಾದ್ರೂ ಆಗಿದ್ಯಾ?" ಎಂದು ಗೊಣಗಿ ಅವಳು ಗೋಡೆಯ ಬಳಿ ಹೋಗಿ ಕೂಗಿದಳು: "ಸಬಾತೊ ಅಣ್ಣಾ! ಸ್ವಲ್ಪ ಬರ್ತೀಯಾ?"

ಸಬಾತೊ ಪಕ್ಕದ ಮನೆಯವನು, ಐವತ್ತು ವರ್ಷ ಗಾರೆ ಕೆಲಸ ಮಾಡಿದವನು. ಒಲೆ ಕಟ್ಟಲು ತನ್ನನ್ನು ಕರೆಯಲಿಲ್ಲವೆಂದು ಎರಡು ತಿಂಗಳಿಂದ ಮೊದೆಸ್ತಿನೊ ಜೊತೆ ಮಾತು ಬಿಟ್ಟಿದ್ದ. ಕರೆ ಬಂದದ್ದೇ ತಡ, ಸುತ್ತಿಗೆ ಹಿಡಿದೇ ಬಂದ. ಅವನ ಹಿಂದೆ ತೊಂಬತ್ತೊಂದರ ಅರ್ಕಾಂಜೆಲಾ ಅಜ್ಜಿ ಕೋಲೂರಿಕೊಂಡು ಬಂದಳು. ಅವಳ ಹಿಂದೆ ಇಡೀ ಓಣಿ.

ಸಬಾತೊ ಗುಮ್ಮಟವನ್ನು ಮೂರು ಸುತ್ತು ಸುತ್ತಿ ನಿಟ್ಟುಸಿರಿಟ್ಟ. "ಮೊದೆಸ್ತಿನೊ, ನೀನು ಬದುಕ್ಕೊಂಡೆ."

"ಹೇಗೆ?"

"ನಾನು ಕಟ್ಟಿದ್ರೆ ನೆಟ್ಟಗಿರ್ತಿತ್ತು, ಹೊಸದು ಅಂತ ಕುರುಡನಿಗೂ ಗೊತ್ತಾಗ್ತಿತ್ತು. ಇಷ್ಟು ಸೊಟ್ಟಗೆ ಈ ಕಾಲದಲ್ಲಿ ಯಾರೂ ಕಟ್ಟಲ್ಲ. ಮೇಲಿನ ಹೊಳಪು ತೆಗೆದ್ರೆ ಸಾಕು, ಇನ್ನೂರು ವರ್ಷ ಆರಾಮಾಗಿ ದಾಟುತ್ತೆ."

ಹೇಳುತ್ತಲೇ ಸುತ್ತಿಗೆ ಎತ್ತಿದ. ಒಂದೊಂದು ಏಟಿಗೂ ಇಟ್ಟಿಗೆಯ ಅಂಚು ಹಾರಿತು, ಒಂದೊಂದು ಏಟಿಗೂ ಮೊದೆಸ್ತಿನೊ "ಅಯ್ಯೋ" ಎಂದ.

"ಮೆಲ್ಲಗೆ, ಅಣ್ಣ!"

"ಇದು ನನ್ನ ಕರೀದೇ ಇದ್ದದ್ದಕ್ಕೆ," ಎಂದು ಸಬಾತೊ ಮತ್ತೊಂದು ಏಟು ಬಿಟ್ಟ. "ಇದು ಒಲೆಗೆ."

ಆಮೇಲೆ ಯಾರನ್ನೂ ತಡೆಯುವಂತಿರಲಿಲ್ಲ. ಒಬ್ಬಳು ಅಡುಗೆಮನೆಯ ಚಿಮಣಿಯ ಮಸಿ ಕೆರೆದು ತಂದಳು, ಇನ್ನೊಬ್ಬಳು ಒಂದು ವಾರದ ಕಾಫಿ ಗಸಿ. ಮತ್ತೊಬ್ಬರು ಬಾವಿಕಟ್ಟೆಯ ಹಾವಸೆಯನ್ನು ರೊಟ್ಟಿ ಎಬ್ಬಿಸಿದ ಹಾಗೆ ಎಬ್ಬಿಸಿ ತಂದು, ಹಾಲೊಡಕು ಬಳಿದು ಗುಮ್ಮಟಕ್ಕೆ ಅಂಟಿಸಿದರು. ದ್ರಾಕ್ಷಾರಸದ ನೆಲಮಾಳಿಗೆಯಿಂದ ಜೇಡರ ಬಲೆ ಕೋಲಿಗೆ ಸುತ್ತಿಕೊಂಡು ಬೊಂಬೆ ಮಿಠಾಯಿಯ ಹಾಗೆ ಬಂತು.

"ಒಳಗೆ ಬೂದಿ ಇದ್ಯಲ್ಲೋ! ಹಾಳುಬಿದ್ದ ಒಲೇಲಿ ಹೊಸ ಬೂದಿ ಎಲ್ಲಿಂದ ಬರುತ್ತೆ?" ಎಂದು ಬೈದು ಸಬಾತೊ ಬೂದಿಯನ್ನೆಲ್ಲ ಗುಡಿಸಿ ತೆಗೆದು, ಒಲೆಯ ಬಾಯಿಗೆ ಬಲೆ ಕಟ್ಟಿದ. ಒಳ್ಳೆಯ ಬಲೆ, ಜೇಡನಿಗೂ ಹೊಟ್ಟೆಕಿಚ್ಚು ಬರಬೇಕು.

ಉಳಿದದ್ದು ಸಾಕ್ಷಿ. ಎಲ್ಲರೂ ಅರ್ಕಾಂಜೆಲಾ ಅಜ್ಜಿಯ ಮುಖ ನೋಡಿದರು.

"ನಾನು ದಿನಾ ಇಗರ್ಜಿಯ ಪೂಜೆಗೆ ಹೋಗೋಳು. ನನ್ನ ಕೈಲಿ ಸುಳ್ಳು ಹೇಳಿಸ್ತೀರಾ?"

"ಅಜ್ಜೀ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದ ಮೊದೆಸ್ತಿನೊ. "ಇವತ್ತೊಂದು ಸಂಜೆ ಅವಳಿಗೆ ನನ್ನ ಕೈಯಿಂದ..." ಎರಡೂ ಕೈ ಮುಂದೆ ಚಾಚಿದ.

ಅಜ್ಜಿ ಅವನ ಬೊಬ್ಬೆಯೆದ್ದ ಅಂಗೈ ನೋಡಿದಳು. "ಸರಿ. ಚಿಕ್ಕ ಸುಳ್ಳು ಹೇಳ್ತೀನಿ. ಒಂದು ಜಪಮಾಲೆ ಸರಿಸಿದ್ರೆ ಪಾಪ ತೀರೋಷ್ಟು. ಅದಕ್ಕಿಂತ ದೊಡ್ಡದು ಬೇಕಾದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ನಾಲ್ಕಕ್ಕೆ ಸರಿಯಾಗಿ ಪೆಲ್ಲೆಗ್ರಿನೊ ಅಳತೆ ಟೇಪು ಹಿಡಿದು ಬಂದ. ಇಟ್ಟಿಗೆ ತಟ್ಟಿದ, ಹಾವಸೆ ಮೂಸಿದ, ಜೇಡರ ಬಲೆಯ ಮುಂದೆ ಬಹಳ ಹೊತ್ತು ತಲೆ ಓರೆ ಮಾಡಿ ನಿಂತ. "ಹ್ಞೂಂ, ಹಳೇದೇ. ಯಾರ ಕಾಲದ್ದು?"

"ನಮ್ಮಜ್ಜಿ ಇದ್ರಲ್ಲೇ ರೊಟ್ಟಿ ಸುಡ್ತಿದ್ಲು," ಎಂದಳು ಅರ್ಕಾಂಜೆಲಾ. ಹೇಳಿ ಕೈಯಲ್ಲಿದ್ದ ಜಪಮಾಲೆಯ ಮೊದಲ ಮಣಿಯನ್ನು ಆಗಲೇ ಸರಿಸಿದಳು.

ಅಲ್ಲಿಗೆ ಎಲ್ಲವೂ ಮುಗಿಯಬೇಕಿತ್ತು. ಆದರೆ ಪೆಲ್ಲೆಗ್ರಿನೊ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವನಲ್ಲ. ಒಳಗಿನ ಆಳ ಅಳೆಯಲೆಂದು ಬಲೆ ಸರಿಸಿ ತೋಳನ್ನು ಒಳಗೆ ಚಾಚಿದ. ಚಾಚಿದವನು ಹಾಗೇ ನಿಂತುಬಿಟ್ಟ.

"ಬೆಚ್ಚಗಿದೆ," ಎಂದ.

ಸಬಾತೊ ಆಕಾಶದಲ್ಲಿ ಏನನ್ನೋ ಹುಡುಕತೊಡಗಿದ. ಲಿಬೇರಾ ಸೆರಗಿನಂತೆ ತನ್ನ ಅಡುಗೆಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಮುಂಜಾನೆಯ ಬೆಂಕಿ! ಬೂದಿ ಗುಡಿಸಿದವರು ಬಿಸಿಯನ್ನು ಗುಡಿಸುವುದು ಹೇಗೆ? ಎಷ್ಟೇ ಸೊಟ್ಟಗಿರಲಿ, ಬಿಸಿ ಹಿಡಿದಿಡುವುದರಲ್ಲಿ ಮೊದೆಸ್ತಿನೊನ ಒಲೆ ಯಾವ ಒಲೆಗೂ ಕಡಿಮೆಯಿರಲಿಲ್ಲ. ಅವನ ಎದೆಯಲ್ಲಿ ಹೆಮ್ಮೆಯೂ ಹೆದರಿಕೆಯೂ ಒಟ್ಟಿಗೇ ಉಕ್ಕಿದವು.

"ಬೂದಿ ಇಲ್ಲ, ಕೆಂಡ ಇಲ್ಲ, ಬಾಯಿಗೆ ಬಲೆ ಕಟ್ಟಿದೆ," ಎಂದ ಪೆಲ್ಲೆಗ್ರಿನೊ ತನಗೆ ತಾನೇ. "ಆದ್ರೂ ಬೆಚ್ಚಗಿದೆ. ಇದು ಹೇಗೆ?"

ಅರ್ಕಾಂಜೆಲಾ ಅಜ್ಜಿ ಮೆಲ್ಲಗೆ ಶಿಲುಬೆಯ ಗುರುತು ಮಾಡಿಕೊಂಡಳು.

"ಇವತ್ತೂ ಬೆಚ್ಚಗಿದ್ಯಾ?" ಎಂದಳು.

"ಇವತ್ತೂ ಅಂದ್ರೆ?"

"ಹಿಮ ಬಿದ್ದ ವರ್ಷ, ಮಗಾ. ಓಣೀಲಿ ಒಂದು ಚಕ್ಕೆ ಸೌದೆ ಇರ್ಲಿಲ್ಲ. ಒಲೆ ತಣ್ಣಗೆ ಹೆಣದ ಹಾಗಿತ್ತು. ಆಗ ಒಬ್ರು ಮುದುಕರು ಬಂದ್ರು. ಬಿಳೀ ಗಡ್ಡ, ಕೈಲಿ ಊರುಗೋಲು. ಇಲ್ಲೇ ನಿಂತು ಅಂಗೈ ಹಿಡಿದ್ರು, ಚಳಿ ಕಾಯಿಸ್ಕೊಳ್ಳೋರ ಥರ. ಹೊರಟುಹೋದ್ರು. ಒಲೆ ಮೂರು ದಿನ ತಾನಾಗೇ ಬಿಸಿ ಇತ್ತು. ಊರಿನ ರೊಟ್ಟಿಯೆಲ್ಲ ಬೆಂದದ್ದು ಅದ್ರಲ್ಲೇ."

"ಯಾರು ಆ ಮುದುಕರು?"

"ನಂಗೇನು ಗೊತ್ತು? ಹಿಂದೆ ಒಂದು ಹಂದಿ ಬರ್ತಿತ್ತು, ಅಷ್ಟು ನೆನಪಿದೆ."

ಆ ಸೀಮೆಯಲ್ಲಿ ಬಿಳಿ ಗಡ್ಡ, ಊರುಗೋಲು, ಹಿಂದೆ ಹಂದಿ ಎಂದರೆ ಇನ್ನು ಹೆಸರು ಹೇಳಬೇಕಾಗಿಲ್ಲ. ಬೆಂಕಿಯನ್ನು ಕಾಯುವ ಸಂತ ಆಂತೋನಿ. ಸರ್ಪಸುತ್ತು ಎದ್ದವರು ಹರಕೆ ಹೊರುವುದೂ ಅವರಿಗೇ. ಪೆಲ್ಲೆಗ್ರಿನೊ ಟೊಪ್ಪಿಗೆ ತೆಗೆದ.

"ಒಂದು ತಿಂಗಳಿಂದ ನನ್ನ ಬೆನ್ನಿಗೆ ಸರ್ಪಸುತ್ತು," ಎಂದ. "ಒರಗಿ ಕೂತಿಲ್ಲ, ಅಂಗಾತ ಮಲಗಿಲ್ಲ."

ಹೇಳುತ್ತಾ ತಿರುಗಿ ಬೆನ್ನನ್ನು ಗುಮ್ಮಟಕ್ಕೆ ಒರಗಿಸಿದ. ಬೆಚ್ಚನೆಯ ಇಟ್ಟಿಗೆ, ಒದ್ದೆ ಹಾವಸೆ, ತಂಪು ಹಾಲೊಡಕು. ಕಣ್ಣು ಮುಚ್ಚಿದ. ಮೂರು ವಾರದಲ್ಲಿ ಊರು ಮೊದಲ ಸಲ ಆ ಮುಖದಲ್ಲಿ ನಗು ಕಂಡಿತು.

"ಉರಿ ಇಳೀತು," ಎಂದ.

ಹತ್ತು ನಿಮಿಷದಲ್ಲಿ ಅವನು ಎರಡು ಹಾಳೆ ಬರೆದು ಮುಗಿಸಿದ: ಒಲೆ ಪುರಾತನವಾದದ್ದು, ಅದನ್ನು ಕೆಡವುವ ಅಧಿಕಾರ ಯಾರಿಗೂ ಇಲ್ಲ. ಓಣಿಯವರೆಲ್ಲ ಸಾಕ್ಷಿ ಹಾಕಿದರು. ಮೊದಲ ಸಹಿ ಸಬಾತೊನದು, ಎಲ್ಲಕ್ಕಿಂತ ದೊಡ್ಡದು. ಮೊದೆಸ್ತಿನೊ ಕಣ್ಣೊರೆಸಿಕೊಂಡು ಒಳಗೆ ಓಡಿದ. ಹಿಟ್ಟು ಉಬ್ಬಿ, ಬಟ್ಟೆಯನ್ನು ತಲೆಯ ಮೇಲೆ ಹೊತ್ತುಕೊಂಡು ಬೋಗುಣಿಯಿಂದ ಇಣುಕುತ್ತಿತ್ತು. "ಬಂದೆ, ಬಂದೆ," ಎಂದು ಅದಕ್ಕೆ ಸಮಾಧಾನ ಹೇಳಿ, ಓಕ್ ಸೌದೆಯನ್ನು ತೋಳು ತುಂಬ ಹೊತ್ತು ತಂದ. ಒಲೆಯೊಳಗೆ ಜೋಡಿಸಿದ. ಕಡ್ಡಿ ಗೀರಿದ.

ಪೆಲ್ಲೆಗ್ರಿನೊ ಚಂಗನೆ ಹಾರಿ ಅದನ್ನು ಊದಿ ಆರಿಸಿದ.

"ಏನ್ರೀ ಇದು! ಸಂತರು ಹಚ್ಚಿದ ಬಿಸಿ ಇರೋ ಜಾಗಕ್ಕೆ ನೀವು ಬೆಂಕಿಕಡ್ಡಿ ಹಚ್ತೀರಾ?"

"ಪಿಜ್ಜಾ..."

"ಪಿಜ್ಜಾ!" ಓಣಿಯ ಹೆಂಗಸರು ಕೆನ್ನೆ ಬಡಿದುಕೊಂಡರು. ಬೆಳಿಗ್ಗೆ ಕಾಫಿ ಗಸಿ ತಂದವಳೇ ಎಲ್ಲರಿಗಿಂತ ಜೋರಾಗಿ.

ಆಗ ಮೊದೆಸ್ತಿನೊಗೆ ತಡೆಯಲಾಗಲಿಲ್ಲ. "ಕೆಡವಿಸೋದಾದ್ರೆ ಕೆಡವ್ಸಿ ಸ್ವಾಮಿ! ಇದನ್ನ ಕಟ್ಟಿದ್ದು ನಾನು! ಈ ಕೈಯಿಂದ! ಎರಡು ತಿಂಗಳಲ್ಲಿ! ಬೆಳಿಗ್ಗೆ ಬೆಂಕಿ ಹಾಕಿದ್ದೂ ನಾನೇ!"

ಪೆಲ್ಲೆಗ್ರಿನೊ ಅವನನ್ನು ನೋಡಿದ, ಗುಮ್ಮಟವನ್ನು ನೋಡಿದ, ಕೊನೆಗೆ ಲಿಬೇರಾಳನ್ನು ನೋಡಿದ. "ಅಮ್ಮಾ, ಇವರು ಏನ್ ಕೆಲಸದಲ್ಲಿದ್ರು?"

"ಅಂಚೆ ಕಚೇರೀಲಿ," ಎಂದಳು ಲಿಬೇರಾ. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಪಾಪ," ಎಂದು ಪೆಲ್ಲೆಗ್ರಿನೊ ಮೊದೆಸ್ತಿನೊನ ಹೆಗಲು ತಟ್ಟಿದ. "ಪುಣ್ಯದ ಜಾಗದಲ್ಲಿ ಒಬ್ಬೊಬ್ಬರಿಗೆ ಹೀಗೆ ತಲೆ ತಿರುಗುತ್ತೆ."

ಮೊದೆಸ್ತಿನೊ ಅರ್ಕಾಂಜೆಲಾ ಅಜ್ಜಿಯ ಕೈ ಹಿಡಿದುಕೊಂಡ. "ಅಜ್ಜೀ, ನೀವಾದ್ರೂ ನಿಜ ಹೇಳಿ."

ಅಜ್ಜಿಯ ಕಣ್ಣಲ್ಲಿ ನೀರು ಧಾರೆಯಾಗಿ ಹರಿಯುತ್ತಿತ್ತು. "ನಿಜವೇ ಹೇಳಿದ್ದು ಮಗಾ. ಹೇಳ್ತಾ ಹೇಳ್ತಾ ನೆನಪಿಗೆ ಬಂತು. ಆ ಹಂದಿಯ ಒಂದು ಕಿವಿ ಹರಿದಿತ್ತು."

ಸಂಜೆಯ ಹೊತ್ತಿಗೆ ಪಾದ್ರಿಗಳು ಬಂದು ಪವಿತ್ರ ನೀರು ಚಿಮುಕಿಸಿ, ಸೌದೆಯನ್ನು ಹೊರಗೆ ತೆಗೆಸಿ, ಒಲೆಯ ಬಾಯಲ್ಲಿ ಸಂತರ ಚಿತ್ರವಿಟ್ಟು ಹೋದರು. ಗೋಡೆಯ ಮೇಲೆ ಪುರಸಭೆಯ ಚೀಟಿ ಬಿತ್ತು: ಇಲ್ಲಿ ಒಲೆ ಉರಿಸಕೂಡದು, ದಿನಾ ಗುಡಿಸಿ ಒರೆಸುವ ಹೊಣೆ ಮನೆಯ ಯಜಮಾನನದು. ಬೆಟ್ಟದ ಆಚೆಯ ಊರುಗಳಿಂದಲೂ ಬೆನ್ನು ಹಿಡಿದವರು, ಸೊಂಟ ಹಿಡಿದವರು ಬರತೊಡಗಿದರು. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೆ? ಲಿಬೇರಾ ಅಡುಗೆಮನೆಯಲ್ಲಿ ಎಣ್ಣೆ ಕಾಯಿಸಿ, ಉಬ್ಬಿದ ಹಿಟ್ಟನ್ನು ತಟ್ಟಿ ತಟ್ಟಿ ಕರಿದು, ಮೇಲೆ ಟೊಮೇಟೊ ಸವರಿ ಎಲ್ಲರಿಗೂ ಹಂಚಿದಳು. ಮದುವೆಯಾಗಿ ನಲವತ್ತು ವರ್ಷ ತುಂಬಿದ ದಿನವೂ ಅವಳಿಗೆ ಅಡುಗೆಮನೆಯ ಒಲೆಯ ಮುಂದೆ ನಿಂತೇ ಕಳೆಯಿತು.

ಅವಳು ಕೈಗಿತ್ತ ಒಂದು ಕರಿದ ಪಿಜ್ಜಾವನ್ನು ಮಡಿಸಿ ಹಿಡಿದುಕೊಂಡು ಮೊದೆಸ್ತಿನೊ ಹಿತ್ತಲಿಗೆ ಬಂದ. ತನ್ನ ಒಲೆಯನ್ನು ಒಮ್ಮೆ ಮುಟ್ಟಿ ಬರೋಣವೆನಿಸಿತು. ಎರಡು ಹೆಜ್ಜೆ ಇಟ್ಟಿರಲಿಲ್ಲ, ಗುರುತಿಲ್ಲದ ಹೆಂಗಸೊಬ್ಬಳು ಕೊಡೆ ಅಡ್ಡ ಹಿಡಿದಳು.

"ಏನಪ್ಪಾ, ನಾವೆಲ್ಲ ಇಲ್ಲಿ ಸುಮ್ನೆ ನಿಂತಿದ್ದೀವಾ? ಸಾಲಲ್ಲಿ ಬಾ."

"ಇದು ನಮ್ಮನೆ ಹಿತ್ತಲಮ್ಮ."

"ಮುಂದೆ ನುಗ್ಗೋರೆಲ್ಲ ಹಾಗೇ ಹೇಳ್ತಾರೆ."

ಮೊದೆಸ್ತಿನೊ ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಅವನ ಮುಂದಿದ್ದ ಊರುಗೋಲಿನ ಮುದುಕ ತಿರುಗಿ, ಕನಿಕರದಿಂದ ಕೇಳಿದ: "ನಿಂಗೆ ಏನು ಕಾಯಿಲೆ ತಮ್ಮಾ?"

ಮೊದೆಸ್ತಿನೊ ಯೋಚಿಸಿದ. "ಆ ಒಲೇಲಿ ಒಂದು ಸಲ ಪಿಜ್ಜಾ ಬೇಯಿಸ್ಬೇಕು ಅನ್ನೋ ಆಸೆ, ತಾತ. ಎರಡು ತಿಂಗಳಿಂದ ಬಿಡ್ತಾ ಇಲ್ಲ."

ಮುದುಕ ತಲೆದೂಗಿ ಅವನ ಬೆನ್ನು ಸವರಿದ. "ಹೆದರ್ಬೇಡ. ನಂಬಿಕೆ ಇಟ್ಟು ಒಂದ್ಸಲ ಮುಟ್ಟು. ಅದೂ ವಾಸಿಯಾಗುತ್ತೆ."