ಲೈಮನ್ ಟಟಲ್ ನಡೆದ ಇಪ್ಪತ್ತು ಮೈಲಿ

ಹಿಂದಿನ ವರ್ಷವಷ್ಟೇ ಮಹಾಯುದ್ಧ ಮುಗಿದು, ಯುರೋಪಿನಲ್ಲಿ ನಾಲ್ಕಾರು ರಾಜರ ಕಿರೀಟ ಉರುಳಿ, ದೊಡ್ಡ ಮನುಷ್ಯರೆಲ್ಲ ಮೇಜಿನ ಸುತ್ತ ಕೂತು ಭೂಪಟದ ಮೇಲೆ ಹೊಸ ಗೆರೆ ಎಳೆಯುತ್ತಿದ್ದರು. ಆದರೆ ನ್ಯೂಯಾರ್ಕ್ ಸಂಸ್ಥಾನದ ಗುಡ್ಡಗಳ ಸಂದಿಯಲ್ಲಿದ್ದ ಕೋಲ್ಡ್‌ಬ್ರೂಕ್ ಎಂಬ ಊರಿನ ಮಟ್ಟಿಗೆ 1919ನೆಯ ಇಸವಿಯ ಗಹನವಾದ ಪ್ರಶ್ನೆ ಅದಾಗಿರಲಿಲ್ಲ. ಲೈಮನ್ ಟಟಲ್‌ನ ಐವತ್ತು ಗಜದ ಕೊಳವೆ ಎತ್ತ ಹೋಗಬೇಕು, ಅಡುಗೆಮನೆಗೋ ದನದ ಕೊಟ್ಟಿಗೆಗೋ ಎಂಬುದೇ ಆ ಪ್ರಶ್ನೆ.

ಕೊಳವೆ ಹನ್ನೊಂದು ವರ್ಷದಿಂದ ಹುಲ್ಲಿನ ಅಟ್ಟದ ಕೆಳಗೆ ಸುರುಳಿ ಸುತ್ತಿಕೊಂಡು ಮಲಗಿತ್ತು. ಮದುವೆಯಾದ ಹೊಸತರಲ್ಲಿ ಲೈಮನ್ ಅದನ್ನು ಗಾಡಿಯಲ್ಲಿ ಹೇರಿಕೊಂಡು ಬಂದು, "ಕೋರಾ, ಚಳಿಗಾಲಕ್ಕೆ ಮುಂಚೆ ನಿನ್ನ ಅಡುಗೆಮನೆಗೇ ನೀರು!" ಎಂದು ಸಾರಿದ್ದ. ಯಾವ ಚಳಿಗಾಲ ಎಂದು ಹೇಳಿರಲಿಲ್ಲ. ಅಂದಿನಿಂದ ಕೋಳಿಗಳು ಆ ಸುರುಳಿಯ ನಡುವೆ ತಲೆಮಾರುಗಟ್ಟಲೆ ಸಂಸಾರ ಹೂಡಿದ್ದವು. ಬಾವಿ ಮನೆಗೂ ಕೊಟ್ಟಿಗೆಗೂ ಸರಿಯಾಗಿ ನಡುವೆ ಇದ್ದುದರಿಂದ ಕೊಳವೆ ಒಂದು ಕಡೆಗೆ ಮಾತ್ರ ಸಾಲುತ್ತಿತ್ತು. ಈಗ ಲೈಮನ್‌ಗೆ ತನ್ನ ಹದಿನಾಲ್ಕು ಹಸುಗಳ ಮೂತಿಯ ಮುಂದೆ ನೀರಿನ ತೊಟ್ಟಿ ಇರಬೇಕೆಂಬ ಹಂಬಲ ಹತ್ತಿತ್ತು.

"ಹಸುಗೆ ನೀರು ಕೊಟ್ರೆ ಅದು ಹಾಲು ಕೊಡುತ್ತೆ," ಎಂದ ಲೈಮನ್.

"ನಂಗೆ ನೀರು ಬರದೇ ಇದ್ರೆ ನಿಂಗೆ ಊಟ ಬರಲ್ಲ," ಎಂದಳು ಕೋರಾ.

ಹೀಗಿರುವಾಗ ಜೂನ್ ತಿಂಗಳಲ್ಲಿ ರಾಜ್ಯದ ಕೃಷಿ ಕಾಲೇಜಿನಿಂದ ಮಿಸ್ ಪ್ರೆಸ್ಕಟ್ ಎಂಬಾಕೆ ಬಂದಿಳಿದಳು. ಕನ್ನಡಕ, ಮಡಿಕೆ ಮುರಿಯದ ಲಂಗ, ಬಗಲಲ್ಲೊಂದು ಚರ್ಮದ ಚೀಲ. ರೈತರ ಮನೆಯ ಹೆಂಗಸರು ದಿನಕ್ಕೆ ಎಷ್ಟು ನಡೆಯುತ್ತಾರೆಂಬುದು ಅವಳ ಸಂಶೋಧನೆ. ಚೀಲದ ತುಂಬ ಹೆಜ್ಜೆ ಗಡಿಯಾರಗಳು. ನೋಡಲು ಜೇಬಿನ ಗಡಿಯಾರದಂತೆಯೇ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಒಂದೊಂದು ಕುಲುಕಾಟಕ್ಕೂ ಮುಳ್ಳು ಮುಂದೆ ಹೋಗಿ ಮೈಲಿ ತೋರಿಸುತ್ತಿತ್ತು.

ಸುದ್ದಿ ಬೆಳಗ್ಗೆ ರೈತರು ಹಾಲು ತಂದು ಹಾಕುವ ಕಟ್ಟೆಗೆ ತಲುಪಿದಾಗ ಲೈಮನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಒಲೆಯಿಂದ ಮೇಜಿಗೆ, ಮೇಜಿಂದ ಒಲೆಗೆ! ಅದಕ್ಕೊಂದು ಯಂತ್ರ ಬೇರೆ! ನನ್ನ ಸೊಂಟಕ್ಕೆ ಕಟ್ಟಲಿ, ಮುಳ್ಳೇ ಮುರಿದುಹೋಗುತ್ತೆ."

ಪಕ್ಕದ ಹೊಲದ ರೈತ ಚಾನ್ಸಿ ಬೀಬಿಗೆ ಬೇರೆಯವರ ಮನೆಯ ಜಗಳವೆಂದರೆ ಹಬ್ಬದೂಟ. "ಹಾಗಾದ್ರೆ ಕಟ್ಟಿಸಿಕೊಳ್ಳೋ ಲೈಮನ್! ಇಬ್ರೂ ಕಟ್ಟಿಕೊಳ್ಳಿ. ಕೊಳವೆ ಪಂಚಾಯ್ತಿ ಒಂದೇ ದಿನದಲ್ಲಿ ಮುಗೀಲಿ."

ಹತ್ತು ಜನರ ಮುಂದೆ ಹಿಂದೆಗೆಯುವುದುಂಟೆ? "ಆಯ್ತು! ಯಾರು ಹೆಚ್ಚು ನಡೀತಾರೋ ಅವರ ದಾರಿಗೆ ಕೊಳವೆ!" ಎಂದು ಲೈಮನ್ ಹಾಲಿನ ಕ್ಯಾನನ್ನು ಗುದ್ದಿ ಹೇಳಿಬಿಟ್ಟ.

ಮಿಸ್ ಪ್ರೆಸ್ಕಟ್ ಇಬ್ಬರಿಗೂ ಒಂದೊಂದು ಗಡಿಯಾರ ಕೊಟ್ಟು, ಸೋಲುಗೆಲುವನ್ನು ಸಂಜೆಯ ಸಭೆಯಲ್ಲಿ ಓದುವುದಾಗಿ ಹೇಳಿದಳು. ದಿನವನ್ನು ಆರಿಸಿದವಳು ಕೋರಾ. ಸೋಮವಾರ. ಸೋಮವಾರ ಬಟ್ಟೆ ಒಗೆಯುವ ದಿನವೆಂಬುದು ಲೈಮನ್‌ನ ತಲೆಗೆ ಹೊಳೆದದ್ದು ಸೋಮವಾರ ಬೆಳಗ್ಗೆ ಐದು ಗಂಟೆಗೆ, ಹೆಂಡತಿ ಎರಡು ಬಕೀಟು ಹಿಡಿದು ಮೂರನೆಯ ಸಲ ಬಾವಿಯ ಕಡೆ ಹೋದಾಗ.

ಅವನೂ ಬಿಡಲಿಲ್ಲ. ಹಾಲಿನ ಗಾಡಿ ಹೊರಟಾಗ ಹತ್ತಿ ಕೂರದೆ ಕುದುರೆಯ ಪಕ್ಕದಲ್ಲೇ ನಡೆದ. ಕುದುರೆ ಹತ್ತು ಹೆಜ್ಜೆಗೊಮ್ಮೆ ತಿರುಗಿ, ಯಜಮಾನನಿಗೆ ಏನಾಯಿತೆಂದು ನೋಡಿತು. ದಾರಿಯಲ್ಲಿ ಸಿಕ್ಕ ಪಾದ್ರಿಗಳು ಅದನ್ನು ಶವದ ಗಾಡಿಯೆಂದೇ ತಿಳಿದು ಟೋಪಿ ತೆಗೆದು, "ಯಾರು ತೀರಿಕೊಂಡ್ರು ಲೈಮನ್?" ಎಂದು ಮರುಕದಿಂದ ಕೇಳಿದರು. ಮನೆಗೆ ಬಂದು ಹುಲ್ಲುಗಾವಲಿನ ಬೇಲಿಯನ್ನು ಮೂರು ಸುತ್ತು ಹಾಕಿದ. ಮೂರನೆಯ ಸುತ್ತಿಗೆ ಹಸುಗಳು ಅವನ ಹಿಂದೆ ಸಾಲುಗಟ್ಟಿದವು. ಬೇಲಿಯಾಚೆಯಿಂದ ಚಾನ್ಸಿ ಕೂಗಿದ: "ಮೆರವಣಿಗೆ ಎಲ್ಲಿಗೋ? ವಾದ್ಯ ಬೇಡ್ವಾ?"

ಮಧ್ಯಾಹ್ನ ಊಟಕ್ಕೆ ಕೂತಾಗ ಇಬ್ಬರೂ ಗಡಿಯಾರ ತೆಗೆದು ಮೇಜಿನ ಮೇಲಿಟ್ಟರು. ಅವನದು ಆರು ಮೈಲಿ. ಅವಳದು ಆರೂವರೆ.

"ನಿನ್ನದು ಕೆಟ್ಟಿದೆ," ಎಂದ ಲೈಮನ್.

"ಹನ್ನೊಂದು ವರ್ಷದಿಂದ ಕೆಟ್ಟಿದೆ," ಎಂದು ಕೋರಾ ಬೀನ್ಸ್ ಕಾಳಿನ ಪಾತ್ರೆ ಅವನ ಮುಂದೆ ಸರಿಸಿದಳು. "ಬೇಗ ತಿನ್ನು. ಬಿಳಿ ಬಟ್ಟೆ ಇನ್ನೂ ಜಾಲಿಸಬೇಕು, ಆರು ಬಕೀಟು ತರೋದಿದೆ."

ಲೈಮನ್‌ನ ಕಾಲು ಎರಡು ಮರದ ದಿಮ್ಮಿಗಳಾಗಿದ್ದವು. ಬೂಟಿನೊಳಗೆ ಎದ್ದ ಬೊಬ್ಬೆಗಳು ಒಂದೊಂದೂ ತನ್ನ ಅಹವಾಲು ಹೇಳುತ್ತಿದ್ದವು. ಇನ್ನು ನಡೆಯುವುದು ಮನುಷ್ಯಮಾತ್ರದವನಿಂದ ಆಗದು. ಹಾಗಾದರೆ ಮನುಷ್ಯನೇ ಏಕೆ ಆಗಬೇಕು? ಅವನ ನಾಯಿ ಜನರಲ್, ದಿನವಿಡೀ ಮೂರು ಊರು ಅಲೆದು ಬರುವ ಪ್ರಾಣಿ. ಲೈಮನ್ ಎಡಗಾಲಿನ ಬೂಟಿನ ದಾರ ಬಿಚ್ಚಿ ಗಡಿಯಾರವನ್ನು ಅದರ ಕೊರಳಿಗೆ ಕಟ್ಟಿದ. ಜನರಲ್ ಒಮ್ಮೆ ಕೊರಳು ಕೊಡವಿ, ಸರ್ಕಾರಿ ಕೆಲಸ ಸಿಕ್ಕವರ ಹಾಗೆ ಜಗಲಿಯ ನೆರಳಲ್ಲಿ ಕಾಲು ಚಾಚಿ ಮಲಗಿಬಿಟ್ಟಿತು. ಬೈದರೂ ಏಳಲಿಲ್ಲ, ಮೂಳೆ ತೋರಿಸಿದರೂ ಏಳಲಿಲ್ಲ.

ಆಗ ತಲೆಯ ಮೇಲೆ ಸದ್ದು ಕೇಳಿಸಿತು. ಟಕ್... ಟಕ್... ಟಕ್...

ಜಗಲಿಯ ಮೇಲೆ ಕೋರಾಳ ತಾಯಿ ಫಿಲೀನಾ ತೂಗುಕುರ್ಚಿಯಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಎಪ್ಪತ್ತಾರು ವರ್ಷದ ಮುದುಕಿ. ನೆಲದ ಹಲಗೆಯೊಂದು ಸಡಿಲವಾಗಿದ್ದುದರಿಂದ ಕುರ್ಚಿ ಒಂದೊಂದು ತೂಗಾಟಕ್ಕೂ ಕುಲುಕುತ್ತಿತ್ತು. ಆ ಹಲಗೆಯನ್ನೂ ಲೈಮನ್ ನಾಲ್ಕು ವರ್ಷದಿಂದ ಸರಿಮಾಡುವುದರಲ್ಲಿದ್ದ. ಮಾಡದೆ ಉಳಿದ ಕೆಲಸವೊಂದು ಉಪಕಾರಕ್ಕೆ ಬಂದದ್ದು ಅವನ ಆಯುಸ್ಸಿನಲ್ಲೇ ಮೊದಲು. ಮುದುಕಿ ಒಳಗೆ ನೂಲು ತರಲು ಹೋದಾಗ ಅವನು ಗಡಿಯಾರವನ್ನು ಅದೇ ದಾರದಿಂದ ಕುರ್ಚಿಯ ಅಡಿಗೆ ಬಿಗಿದ.

ಫಿಲೀನಾ ಬಂದು ಕೂತಳು. ಟಕ್... ಟಕ್... ಆದರೆ ನಿಧಾನ. ಈ ವೇಗದಲ್ಲಿ ಸಂಜೆಗೆ ಎರಡು ಮೈಲಿ ದಾಟದು. ಲೈಮನ್ ಮೆಟ್ಟಿಲ ಮೇಲೆ ಕೂತು ಯೋಚಿಸಿ, ಗಂಟಲು ಸರಿಮಾಡಿಕೊಂಡ.

"ಅತ್ತೆ, ಪಾದ್ರಿಗಳ ನಿನ್ನೆಯ ಉಪದೇಶ ಭಾಳ ಚೆನ್ನಾಗಿತ್ತು, ಅಲ್ವಾ?"

"ಚೆನ್ನಾಗಿತ್ತಾ? ಒಂದೂವರೆ ಗಂಟೆ ಕೊರೆದ! ಅಷ್ಟು ಹೊತ್ತು ಪ್ರಳಯ ಬಂದಾಗ ನೋಹನೇ ದೋಣೀಲಿ ಕೂತಿರಲಿಲ್ಲ!" ಟಕ್ ಟಕ್ ಟಕ್.

ಪರವಾಗಿಲ್ಲ, ಓಟ ಹಿಡಿಯಿತು. ಲೈಮನ್ ಇನ್ನೊಂದು ಕಟ್ಟಿಗೆ ಇಟ್ಟ. "ಚಾನ್ಸಿ ಹೆಂಡತಿ ಮಾಡೋ ಸೇಬಿನ ಕಡುಬು ನಿಮ್ಮದಕ್ಕಿಂತ ಒಂದು ಕೈ ಮೇಲು ಅಂತಾರೆ ಜನ."

"ಯಾವ ಜನ? ಹೆಸರು ಹೇಳು!" ಟಕ್ಟಕ್ ಟಕ್ಟಕ್.

ಮೂರು ಗಂಟೆಗೆ ಲೈಮನ್ ತನ್ನ ಬತ್ತಳಿಕೆಯ ದೊಡ್ಡ ಬಾಣವನ್ನೇ ತೆಗೆದ. "ಏನೇ ಹೇಳಿ ಅತ್ತೆ, ಹೆಂಗಸರಿಗೆ ಮತ ಹಾಕೋಕೆ ಬಿಟ್ಟಿದ್ದು ತಪ್ಪಾಯ್ತು."

ಮುಂದಿನ ಎರಡೂವರೆ ಗಂಟೆ ಆ ಕುರ್ಚಿ ಬಫಲೋ ನಗರಕ್ಕೆ ಹೋಗುವ ರೈಲಿನಂತೆ ಓಡಿತು. ಜನರಲ್ ಎದ್ದು ಬಾಲ ಮುದುರಿಕೊಂಡು ಕೊಟ್ಟಿಗೆಗೆ ಹೋಯಿತು. ಲೈಮನ್ ಮಾತ್ರ ಬೈಗುಳದ ಮಳೆಯಲ್ಲಿ ನೆನೆಯುತ್ತ, ನಡುನಡುವೆ "ಆದ್ರೂ..." ಎಂದು ಒಂದು ಮಾತು ಸೇರಿಸುತ್ತ ತೃಪ್ತಿಯಿಂದ ಕೂತಿದ್ದ. ಅವನ ಬೆನ್ನ ಹಿಂದೆ ಹೆಂಡತಿ ಬಾವಿಗೆ ಹೋಗುತ್ತಿದ್ದಳು, ಬರುತ್ತಿದ್ದಳು.

ಆರು ಗಂಟೆಗೆ ಮುದುಕಿ ಸಭೆಗೆ ಹೊರಡಲೆಂದು ಟೋಪಿ ಹಾಕಿಕೊಳ್ಳಲು ಒಳಗೆ ಹೋದದ್ದೇ ತಡ, ಅವನು ಕುರ್ಚಿಯ ಅಡಿಗೆ ಕೈ ಹಾಕಿ ಗಡಿಯಾರ ಕಿತ್ತುಕೊಂಡ. ಇಪ್ಪತ್ತು ಮೈಲಿ!

ಒಂದು ತೊಡಕು ಉಳಿದಿತ್ತು. ಗಡಿಯಾರದ ಜೊತೆ ಒಂದು ಹಾಳೆಯನ್ನೂ ತುಂಬಿ ಕೊಡಬೇಕಿತ್ತು; ತುಂಬದಿದ್ದರೆ ಮೈಲಿ ಲೆಕ್ಕಕ್ಕಿಲ್ಲ. ‘ನಡೆದದ್ದು ಯಾವ ಕೆಲಸಕ್ಕೆ’ ಎಂಬ ತಲೆಬರಹ. ಹಾಳೆ ಅಚ್ಚಾದದ್ದು ಗೃಹಿಣಿಯರಿಗಾಗಿ: ಅಡುಗೆ, ಪಾತ್ರೆ, ಒಗೆತ, ಹೊಲಿಗೆ, ಶಿಶುಪಾಲನೆ, ಕೋಳಿ, ಬಾವಿಯಿಂದ ಅಡುಗೆಮನೆಗೆ ನೀರು. ಹಸು, ಹುಲ್ಲು, ಬೇಲಿ ಒಂದೂ ಇಲ್ಲ. ಅತ್ತೆಯೊಡನೆ ವಾದವೆಂಬುದೂ ಇರಲಿಲ್ಲ. ಹೊಲಿಗೆಗೆ ಇಪ್ಪತ್ತು ಮೈಲಿ ಎಂದು ಬರೆದರೆ ಚಾನ್ಸಿ ಸಾಯುವವರೆಗೂ ಬಿಡುವುದಿಲ್ಲ. ಶಿಶುಪಾಲನೆ ಎನ್ನೋಣವೆಂದರೆ ಮನೆಯಲ್ಲಿ ಶಿಶುವಿಲ್ಲ. ನೀರು ಹೊರುವುದು ಗಂಡಸಿಗೆ ಅವಮಾನವಲ್ಲ. ಹಾಳೆಯನ್ನು ಯಾರು ಓದುತ್ತಾರೆ? ಲೈಮನ್ ಪೆನ್ಸಿಲಿನ ತುದಿ ನೆಕ್ಕಿ, ಕೊನೆಯ ಅಂಕಣದಲ್ಲಿ ದಪ್ಪವಾಗಿ ಇಪ್ಪತ್ತು ಎಂದು ಬರೆದ.

ಏಳು ಗಂಟೆಗೆ ರೈತರ ಸಭಾಭವನದಲ್ಲಿ ಇಡೀ ಊರೇ ಸ್ಟ್ರಾಬೆರಿ ಕೇಕಿನ ತಟ್ಟೆ ಹಿಡಿದು ಕೂತಿತ್ತು. ಲೈಮನ್ ಒಂದು ಬೂಟನ್ನು ಪಟಪಟ ಬಡಿಯುತ್ತ ಬಂದು ಮುಂದಿನ ಸಾಲಿನಲ್ಲಿ ಕೂತ. ದಾರವನ್ನು ಎಲ್ಲೋ ಮರೆತಿದ್ದ.

"ಮಿಸೆಸ್ ಕೋರಾ ಟಟಲ್," ಮಿಸ್ ಪ್ರೆಸ್ಕಟ್ ಓದಿದಳು, "ಒಂಬತ್ತೂವರೆ ಮೈಲಿ." ಹೆಂಗಸರ ಕಡೆಯಿಂದ ಚಪ್ಪಾಳೆ. "ಮಿಸ್ಟರ್ ಲೈಮನ್ ಟಟಲ್, ಇಪ್ಪತ್ತು ಮೈಲಿ."

ಲೈಮನ್ ಎದ್ದು ನಿಂತು ಕೋಟು ಎಳೆದುಕೊಂಡ. "ನೋಡಿದ್ರಲ್ಲ. ನಾಳೇನೇ ಕೊಟ್ಟಿಗೆಗೆ ಕೊಳವೆ..."

"ಒಂದು ನಿಮಿಷ, ಮಿಸ್ಟರ್ ಟಟಲ್. ನಿಮ್ಮ ಹಾಳೆ ಇದೆ." ಮಿಸ್ ಪ್ರೆಸ್ಕಟ್ ಕನ್ನಡಕ ಏರಿಸಿದಳು. "ಇಪ್ಪತ್ತು ಮೈಲೀನೂ ಬಾವಿಯಿಂದ ಅಡುಗೆಮನೆಗೆ ನೀರು ಹೊರೋಕೆ ಅಂತ ಬರೆದಿದ್ದೀರಿ. ಹೋಗಿ ಬಂದರೆ ಎಂಬತ್ತೆಂಟು ಗಜ, ನಾನೇ ಅಳೆದಿದ್ದೀನಿ. ಅಂದರೆ ಮೈಲಿಗೆ ಇಪ್ಪತ್ತು ಸಲ, ಒಟ್ಟು ನಾನೂರು ಸಲ. ಎರಡು ನಿಮಿಷಕ್ಕೊಮ್ಮೆ. ಎಂಟುನೂರು ಬಕೀಟು ನೀರು."

"ಎಂಟುನೂರು!" ಚಾನ್ಸಿಯ ಬಾಯಿಯಿಂದ ಕೇಕು ಹಾರಿತು. "ಮನೇಲಿ ತಿಮಿಂಗಿಲ ಸಾಕಿದ್ದೀಯೇನೋ?"

"ಹಾಳೇಲಿ ಬೇರೆ ಅಂಕಣ ಇರಲಿಲ್ಲ," ಎಂದು ಲೈಮನ್ ತೊದಲಿದ. "ನಿಜ ಹೇಳಬೇಕೂಂದ್ರೆ, ನಾನು ನಡೆದದ್ದು... ಅದು..."

"ಅವನಿಗೆ ಸಂಕೋಚ," ಎಂದಿತು ಹಿಂದಿನಿಂದ ಒಂದು ದನಿ. ಫಿಲೀನಾ ಊರುಗೋಲು ಹಿಡಿದು ಎದ್ದಿದ್ದಳು. "ನಾನೇ ಸಾಕ್ಷಿ. ಮಧ್ಯಾಹ್ನದಿಂದ ಜಗಲಿ ಬಿಟ್ಟು ಕದಲಿಲ್ಲ ನಾನು. ಈ ನನ್ನ ಅಳಿಯ ಹೆಂಡತಿಗೋಸ್ಕರ ನೀರು ಹೊತ್ತೂ ಹೊತ್ತೂ ಸವೆದುಹೋದ. ನೋಡಿ, ಬೂಟಿನ ದಾರ ಕೂಡ ಕಾಲಲ್ಲಿ ನಿಲ್ಲಲಿಲ್ಲ." ಅವಳು ಚೀಲದಿಂದ ಒಂದು ಕಪ್ಪು ದಾರ ತೆಗೆದು ಎಲ್ಲರ ಮುಂದೆ ಅವನ ಅಂಗೈಗೆ ಹಾಕಿದಳು. ಆಮೇಲೆ ಬಗ್ಗಿ ಅವನಿಗೆ ಮಾತ್ರ ಕೇಳುವಂತೆ, "ನನ್ನ ಕುರ್ಚಿ ಕೆಳಗಿತ್ತು ಮಗಾ. ಈಗ ಹೇಳು, ನನ್ನ ಕಡುಬಿನ ಬಗ್ಗೆ ಏನೋ ಅಂದ್ಯಲ್ಲ?" ಎಂದಳು.

ಲೈಮನ್ ದಾರವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಕೂತ.

ಹೆಂಗಸರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಲ್ಕೈದು ಜನ ತಮ್ಮ ಪಕ್ಕದಲ್ಲಿದ್ದ ಗಂಡಂದಿರ ಕಡೆ ನೋಡಿದರು. ಆ ಗಂಡಂದಿರು ಲೈಮನ್‌ನ ಕಡೆ ನೋಡಿದ ನೋಟದಲ್ಲಿ ಸ್ನೇಹವಿರಲಿಲ್ಲ. "ಹೆಚ್ಚು ನಡೆದವರ ದಾರಿಗೆ ಕೊಳವೆ ಅಂದವನು ಅವನೇ," ಎಂದು ಚಾನ್ಸಿ ಕಣ್ಣೊರೆಸಿಕೊಂಡ. "ದಾರಿ ಯಾವುದು ಅಂತ ಬರೆದುಕೊಟ್ಟವನೂ ಅವನೇ!"

"ಹನ್ನೊಂದು ವರ್ಷ ಆಯ್ತು," ಎಂದಳು ಕೋರಾ ಮೆಲ್ಲಗೆ, ಅವನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕುತ್ತ. "ನೀನು ಇಷ್ಟು ಚೆನ್ನಾಗಿ ನೀರು ಹೊರ್ತೀಯ ಅಂತ ಇವತ್ತೇ ಗೊತ್ತಾಗಿದ್ದು ಲೈಮನ್. ಕಾಲೇಜಿನವರೂ ಬರ್ಕೊಂಡಿದ್ದಾರೆ."

ಕೊಳವೆ ಅಡುಗೆಮನೆಗೆ ಹೋಯಿತು. ಅದನ್ನು ಹಾಕುವ ಕೆಲಸಗಾರನಿಗೆ ಪುರುಸೊತ್ತಾದದ್ದು ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ಆ ಮನೆಯ ನೀರನ್ನು ಲೈಮನ್ ಟಟಲ್ ಹೊತ್ತ.