ನಡುಮನೆಯ ಹೊಳೆ

ಎಲ್ಲಕ್ಕೂ ಕಾರಣ ಟಿವಿಯ ಮೂಲೆಯಲ್ಲಿ ಕೆಂಪಗೆ ಮಿನುಗುತ್ತಿದ್ದ ಒಂದು ಅಂಕಿ. ನೂರಕ್ಕೆ ಒಂಬತ್ತು.

ಅದನ್ನು ಗಳಿಸಿದ ದೋಣಿಯಜ್ಜನಿಗೆ ಮಾತ್ರ ಅದರ ಪರಿವೆಯೇ ಇರಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಬಂದಮೇಲೆ ಅವನ ಬಲಗೈ ತನ್ನಷ್ಟಕ್ಕೆ ತಾಳ ಹಾಕುತ್ತಿತ್ತು. ಬಾಗಿಲು ಕಂಡರೆ ಕಾಲು ಅಂಟು ಹಾಕಿದಂತೆ ನಿಂತುಬಿಡುತ್ತಿತ್ತು. ಬೀಳದೆ ನಿಲ್ಲುವುದನ್ನು ಮೈ ಮತ್ತೆ ಕಲಿಯಲಿ ಎಂದು ಆಸ್ಪತ್ರೆಯವರು ಮನೆಗೇ ಒಂದು ಹಲಗೆ ಕೊಟ್ಟಿದ್ದರು. ಹಿಡಿಕಂಬಿಗಳ ನಡುವೆ ಅದರ ಮೇಲೆ ನಿಂತು ಎಡಕ್ಕೆ ವಾಲಿದರೆ ಟಿವಿಯೊಳಗಿನ ದೋಣಿಯೂ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ನಡುಹೊಳೆಯಲ್ಲಿ ತೇಲುವ ಹಳದಿ ಚೆಂಡುಗಳ ಮಧ್ಯೆ ದೋಣಿ ಹಾಯಿಸಿದರೆ ಅಂಕ. ಹಲಗೆಯ ಲೆಕ್ಕವೆಲ್ಲ ಆಗಿಂದಾಗಲೇ ಆಸ್ಪತ್ರೆಗೂ ಹೋಗುತ್ತಿತ್ತು.

ಆಯಸ್ಸೆಲ್ಲ ಜನರನ್ನು ಹೊಳೆ ದಾಟಿಸಿದವನಿಗೆ ಚೆಂಡು ಕಟ್ಟಿಕೊಂಡು ಏನಾಗಬೇಕು? ಸೇತುವೆ ಬಂದು ಅವನ ದೋಣಿ ಮೂಲೆಗೆ ಬಿದ್ದಮೇಲೆ ಹೊಳೆ ಮತ್ತೆ ಸಿಕ್ಕಿದ್ದು ಈ ಹಲಗೆಯ ಮೇಲೆಯೇ. ಚಿತ್ರ ಬರೆದವರು ಚೆಂದಕ್ಕೆಂದು ದಡದಲ್ಲಿ ಪುಟ್ಟ ಮನುಷ್ಯರನ್ನು ನಿಲ್ಲಿಸಿದ್ದರು. ಕೊಡೆ ಹಿಡಿದ ಒಬ್ಬ ಹೆಂಗಸು, ಸೈಕಲ್ಲಿನ ಒಬ್ಬ ಗಂಡಸು. ಅವರನ್ನು ಕಂಡದ್ದೇ ಅಜ್ಜ ಮೈಯೆಲ್ಲ ವಾಲಿಸಿ ದೋಣಿಯನ್ನು ದಡಕ್ಕೆ ಒಯ್ಯುತ್ತಿದ್ದ.

"ಬನ್ನಿ ತಾಯಿ, ಹುಷಾರಾಗಿ ಹತ್ತಿ."

ಅವರು ಹತ್ತುತ್ತಿರಲಿಲ್ಲ, ಆದರೆ ಅಜ್ಜನ ಕಣ್ಣಿಗೆ ಹತ್ತಿ ಕೂತಿರುತ್ತಿದ್ದರು. ನೀರಿನ ಬೆಳಕು ಸೂರಿನ ತನಕ ಆಡುತ್ತಿತ್ತು, ಗೋಡೆ ಮೆಲ್ಲಗೆ ಕರಗುತ್ತಿತ್ತು, ಸೋಫಾ ಆಚೆ ದಡವಾಗುತ್ತಿತ್ತು. ಅಷ್ಟು ಹೊತ್ತು ಕೈ ನಡುಗುವುದನ್ನು ಅವನು ಮರೆತೇಬಿಡುತ್ತಿದ್ದ.

"ಒಂಬತ್ತಾ!" ಹೆಂಡತಿ ಹಣೆ ಚಚ್ಚಿಕೊಂಡಳು. "ಸಂಜೆ ಥೆರಪಿ ಮೇಡಂ ವೀಡಿಯೊದಲ್ಲಿ ಬರ್ತಾರೆ. ಹಲಗೆ ನಮ್ಮಲ್ಲಿ ಇರಬೇಕಾ ಬೇಡವಾ ಅಂತ ಇವತ್ತೇ ತೀರ್ಮಾನ. ಈ ಅಂಕಕ್ಕೆ ಯಾರು ಬಿಡ್ತಾರೆ?"

ಅಜ್ಜ ಹಿಡಿಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ. ಹೊಳೆಯನ್ನು ಒಂದು ಸಲ ಕಳೆದುಕೊಂಡದ್ದೇ ಸಾಕಾಗಿತ್ತು.

ಗೋಡೆಗೆ ಕಿವಿಯಿದ್ದಿದ್ದರೆ ಅದು ಪಕ್ಕದ ಮನೆಯ ಟೈಲರಮ್ಮನದೇ. ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದಳು. "ಅಷ್ಟೇನಾ? ಅಜ್ಜನ ಬದಲು ನಾನು ನಿಂತ್ರೆ ಯಂತ್ರಕ್ಕೇನು ಗೊತ್ತಾಗುತ್ತೆ?" ಹಲಗೆ ಹತ್ತಿದಳು. ಹೊಲಿಗೆ ಮಿಷಿನ್ನಿನ ಅಭ್ಯಾಸ, ಕಾಲು ಸುಮ್ಮನಿರಲಿಲ್ಲ. ದೋಣಿ ಬುಗುರಿಯಂತೆ ಗಿರಗಿರ ತಿರುಗಿತು. ಅಂಕ ಮೂರು.

"ಎದುರುಮನೆ ಡ್ರಿಲ್ ಮೇಷ್ಟ್ರನ್ನ ಕರೀತೀನಿ ತಾಳಿ," ಎಂದು ಹಾಗೇ ಓಡಿದಳು.

ಮೇಷ್ಟ್ರು ನಿವೃತ್ತರಾಗಿದ್ದರೂ ಕೊರಳಿನ ಸೀಟಿ ಇನ್ನೂ ಡ್ಯೂಟಿಯಲ್ಲಿತ್ತು. ಬಂದವರೇ ಎದೆಯುಬ್ಬಿಸಿ, ಮಂಡಿ ಬಿಗಿದು ಅಟೆನ್ಷನ್ನಿನಲ್ಲಿ ನಿಂತರು. ದೋಣಿ ಗೆರೆ ಎಳೆದಂತೆ ನೆಟ್ಟಗೆ ಸಾಗಿತು. ತೊಂಬತ್ತಾರು! ಟೈಲರಮ್ಮ ಚಪ್ಪಾಳೆ ತಟ್ಟಿದಳು, ಮೇಷ್ಟ್ರು ಸೀಟಿ ಊದಿದರು.

"ಆ ಹೆಂಗಸನ್ನ ಬಿಟ್ಟೇ ಹೋದ್ರಲ್ಲ," ಎಂದು ಅಜ್ಜ ಗೊಣಗಿದ್ದು ಯಾರಿಗೂ ಕೇಳಲಿಲ್ಲ.

ಸಂಜೆ ಮೇಡಂ ಮುಖ ಟಿವಿಯಲ್ಲಿ ಮೂಡಿತು, ಮೂಡಿದ್ದೇ ಬಾಡಿತು. "ಅಜ್ಜಾ, ಏನಾಯ್ತು ನಿಮಗೆ?"

"ಅಂಕ ನೋಡಿ ತಾಯಿ, ತೊಂಬತ್ತಾರು!"

"ಅಂಕ ಆಟಕ್ಕೆ ಅಜ್ಜ. ಮೈ ಎಷ್ಟು ದೂರ ವಾಲಿ, ಬೀಳದೆ ವಾಪಸ್ ಬರುತ್ತೆ ಅನ್ನೋದನ್ನ ನಾನು ನೋಡೋದು. ದಡದ ತನಕ ವಾಲೋರು ನಿಮ್ಮನ್ನ ಬಿಟ್ರೆ ಇನ್ನೊಬ್ಬರಿಲ್ಲ. ಇವತ್ತು ಮಧ್ಯಾಹ್ನ ನೋಡಿದ್ರೆ ಮರದ ಕೊರಡು! ಮಾತ್ರೆ ತಪ್ಪಿಸಿದ್ರಾ? ನಾಳೆನೇ ಬಂದು ಅಡ್ಮಿಟ್ ಆಗಿ."

ಅಡ್ಮಿಟ್ ಎಂದದ್ದೇ ಅಜ್ಜನ ಬಾಯಿಂದ ನಿಜ ಹೊರಬಿತ್ತು. "ಅದು ನಾನಲ್ಲ ತಾಯಿ, ಎದುರುಮನೆ ಮೇಷ್ಟ್ರು. ಆ ಕೊರಡು ಬಾಗಿಲ ಪರದೆ ಹಿಂದೆ ನಿಂತಿದೆ."

ಪರದೆಯ ಕೆಳಗೆ ಮೇಷ್ಟ್ರ ಬೂಟು ಕಾಣುತ್ತಿತ್ತು.

"ಹಾಗಾದ್ರೆ ನೀವೊಂದ್ಸಲ ನಿಂತು ತೋರಿಸಿ."

ಅಜ್ಜ ಹಲಗೆ ಹತ್ತಿದ. ಮೇಡಂ ಮುಖ ಟಿವಿಯ ಮೂಲೆಗೆ ಸರಿದು ಹೊಳೆ ಬಂತು, ಕೊಡೆಯವಳು ಕಾಯುತ್ತಲೇ ಇದ್ದಳು. ಮೈ ತಾನಾಗಿಯೇ ವಾಲಿತು. ದೋಣಿ ದಡಕ್ಕೆ ಹೋಗಿ ಅವಳ ಪಾದದ ಬಳಿ ಸದ್ದಿಲ್ಲದೆ ನಿಂತಿತು. ಅಜ್ಜ ಬೀಳದೆ ಮೆಲ್ಲಗೆ ಮತ್ತೆ ನೆಟ್ಟಗಾದ.

"ತುಂಬಾ ಚೆನ್ನಾಗಿದೆ ಅಜ್ಜ!" ಮೇಡಂ ನಕ್ಕರು. "ಮೇಷ್ಟ್ರೇ, ಈಚೆ ಬನ್ನಿ. ಮೈ ಇಷ್ಟು ಬಿಗಿಯಾಗಿದ್ರೆ ಒಂದು ದಿನ ಮೆಟ್ಟಿಲ ಮೇಲೆ ಬೀಳ್ತೀರಿ. ನಿಮ್ಮ ಬೀದಿಗೆ ಇರೋದು ಒಂದೇ ಹಲಗೆ. ಸದ್ಯಕ್ಕೆ ಅದು ನಿಮ್ಮನೇಲಿರಲಿ ಮೇಷ್ಟ್ರೇ. ಅಜ್ಜ, ನೀವು ದಿನಾ ಅಲ್ಲಿಗೇ ಹೋಗಿ, ನಡೆದ ಹಾಗೂ ಆಗುತ್ತೆ."

ಕತ್ತಲಾಗುವ ಮೊದಲೇ ಹೊಳೆ ಎದುರುಮನೆಗೆ ಸಾಗಿತು. ಅದರ ಹಿಂದೆ, ಹೆಂಡತಿಯ ತೋಳು ಹಿಡಿದು, ಹೊಸ್ತಿಲಲ್ಲಿ ತುಸು ತಡೆದು, ಅಜ್ಜನೂ ಹೋದ. ಮೇಷ್ಟ್ರು ಆಗಲೇ ಹಲಗೆ ಹತ್ತಿ ಅಟೆನ್ಷನ್ನಿನಲ್ಲಿ ನಿಂತಿದ್ದರು.

"ಮೇಷ್ಟ್ರೇ, ಸ್ವಲ್ಪ ದಡಕ್ಕೆ ತಗೊಳ್ಳಿ. ಜನ ಕಾಯ್ತಿದಾರೆ."

"ಅಂಕ ಹೋಗುತ್ತೆ ಅಜ್ಜ!"

ದೋಣಿ ನಡುಹೊಳೆಯಲ್ಲಿ ನೆಟ್ಟಗೆ ಹೊರಟುಹೋಯಿತು. ದಡದಲ್ಲಿ ಕೊಡೆಯ ಹೆಂಗಸು ನಿಂತಿದ್ದಳು, ಸೈಕಲ್ಲಿನವನು ನಿಂತಿದ್ದ. ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಅಜ್ಜನೂ ಕಾಯುತ್ತ ಕೂತ.