ಐದು ಕೋಳಿಗೆ ಉಕ್ಕಿನ ಬಂಗಲೆ

ಬೀದರಿನ ಕೊಳಾರದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಕಬ್ಬಿಣ ಬೆಸೆದ ಈ ಕೈಗೆ ಐದು ಕೋಳಿಗಳನ್ನು ಶಿಸ್ತಿಗೆ ತರುವುದು ಯಾವ ದೊಡ್ಡ ಕೆಲಸ? ಹಾಗಂತ ಎದೆ ತಟ್ಟಿ ಹೇಳಿದ್ದೆ. ಈಗ ಆ ಎದೆಯ ಮೇಲೆ ಬೆವರು ಧಾರಾಕಾರ ಹರಿಯುತ್ತಿದೆ, ಸಿಟ್ಟು ನೆತ್ತಿಗೇರಿದೆ!

ಭಾಲ್ಕಿ ಕಡೆಯ ಫಾರಂ ಒಂದರಲ್ಲಿ ನೋಡಿದ್ದೆ. ತಂತಿ ಪಂಜರ, ಸಾಲು ಸಾಲು ಕೋಳಿ, ಇಳಿಜಾರಿನಲ್ಲಿ ತತ್ತಿಗಳು ತಾವಾಗಿಯೇ ಉರುಳಿ ಹೊರಗೆ! ನಮ್ಮ ಮನೆಯಲ್ಲೋ? ಅತ್ತೆ ಸಂತಪುರದಿಂದ ಬುಟ್ಟಿಯಲ್ಲಿ ತಂದುಕೊಟ್ಟ ಜವಾರಿ ಕೋಳಿಗಳು ಅಂಗಳ ಕೆದರಿ, ನನ್ನ ಚಪ್ಪಲಿ ಮೇಲೆ ಹಿಕ್ಕೆ ಹಾಕಿ, ಮನಸ್ಸು ಬಂದಾಗ ತತ್ತಿ ಇಡುತ್ತಿದ್ದವು. ಎರಡು ರವಿವಾರ ದುಡಿದು ಉಕ್ಕಿನ ಬಂಗಲೆ ಕಟ್ಟಿದೆ. ಇಳಿಜಾರು ನೆಲ, ನಳದ ನೀರು, ನಾಲ್ಕೂ ಕಡೆ ಗಾಳಿ!

"ತತ್ತಿ ಇಡ್ಲಿಕ್ಕ ಕತ್ತಲ ಮೂಲಿ ಬೇಕ್ರಿ. ಒಂದಿಷ್ಟು ಹುಲ್ಲು ಬೇಕು," ಎಂದಳು ಹೆಂಡತಿ ಕರುಣಾ.

"ಪರದಾನೂ ಹಾಕ್ಲೇನು? ಇಂಜಿನಿಯರಿಂಗ್ ನಿನಗೇನು ಗೊತ್ತದ!"

ಒಂದು ವಾರವಾಯಿತು. ಒಂದೇ ಒಂದು ತತ್ತಿ ಇಲ್ಲ! ಒಂದರ ಪುಕ್ಕ ಇನ್ನೊಂದು ಕಿತ್ತು ಬೋಳು ಮಾಡಿದ್ದೇ ಬಂತು. ಮರುವಾರ ನಾನು ಡ್ಯೂಟಿಗೆ ಹೋದೊಡನೆ ಕರುಣಾ ಪಂಜರದ ಬಾಗಿಲು ತೆಗೆದು ಕೋಳಿ ಹೊರಗೆ ಬಿಡುತ್ತಾಳೆಂದು ಗೊತ್ತಾಗಿ ಮೈಯೆಲ್ಲ ಉರಿಯಿತು. ಬಿಟ್ಟರೂ ತತ್ತಿ ಇಲ್ಲ!

"ರವಿವಾರ ಹಬೀಬನ ಅಂಗಡಿಗಿ ಕೊಡ್ತೇನಿ! ಐದೂ ಕೊಯ್ಲಿ!"

"ನಮ್ಮವ್ವ ಮಕ್ಕಳಂಗ ಸಾಕಿದ ಕೋಳಿ ಅವರೀ," ಎಂದಳು ಕರುಣಾ.

ರವಿವಾರ ಚಿಕನ್ ಅಂಗಡಿ ಹಬೀಬ ಬಂದ. ಪಂಜರದಲ್ಲಿ ಇಣುಕಿ, "ನಾಲ್ಕೇ ಅವಲ್ರಿ?" ಎಂದ.

"ಐದನೇದು ಎಲ್ಲಿ ಬಚ್ಚಿಟ್ಟಿ?" ಹೆಂಡತಿಯ ಮೇಲೆ ಹರಿಹಾಯ್ದೆ.

"ನನಗೇನು ಗೊತ್ರಿ? ಕೋಳಿ ಇಂಜಿನಿಯರ್ ನೀವು!"

ಏಪ್ರಿಲ್ ಬಿಸಿಲು ಬೇರೆ. ತಲೆ ತಣ್ಣಗಾಗಲೆಂದು ವರಾಂಡದ ಕೂಲರಿಗೆ ಈ ವರ್ಷ ಮೊದಲ ಸಲ ನೀರು ಹಾಕಲು ಹೋದೆ. ಕಳೆದ ವರ್ಷದಿಂದ ನಾನು ರಿಪೇರಿ ಮಾಡದೆ ಬಿಟ್ಟಿದ್ದ ಮುರುಕು ಜಾಳಿಯೊಳಗೆ ಕೈ ಹಾಕಿದ್ದೇ ತಡ, ಟಕ್! ಬೆರಳಲ್ಲಿ ರಕ್ತ!

ಒಳಗೆ ಕತ್ತಲು. ಕೂಲರಿನ ಪ್ಯಾಡಿನಿಂದ ಉದುರಿದ ಹುಲ್ಲಿನ ಮೇಲೆ ಐದನೇ ಕೋಳಿ ಮಹಾರಾಣಿಯಂತೆ ಕಾವು ಕೂತಿತ್ತು. ಅದರ ಕೆಳಗೆ ಹದಿನಾಲ್ಕು ತತ್ತಿ! ಐದೂ ಕೂಡಿ ಅಲ್ಲೇ ಇಡುತ್ತಿದ್ದವು!

ಹಬೀಬ ಹೊಟ್ಟೆ ಹಿಡಿದು ನಕ್ಕ. "ಕೋಳಿ ಬ್ಯಾಡ್ರಿ, ಪಿಂಜರಾ ಬೇಕಾದ್ರ ಕೊಡ್ರಿ. ನನ್ನ ಅಂಗಡ್ಯಾಗೂ ಇಂಥಾದೇ ಅದ. ಅಲ್ಲೂ ಒಂದು ಕೋಳಿನೂ ತತ್ತಿ ಇಡಂಗಿಲ್ಲ!"

ಸಿಟ್ಟಿನಿಂದ ಕೂಲರಿನ ಸ್ವಿಚ್ಚಿಗೆ ಕೈ ಚಾಚಿದೆ. ಕರುಣಾ ಅಡ್ಡ ಬಂದಳು. "ಮರಿ ಆಗೂ ತನಕ, ಇಪ್ಪತ್ತೊಂದು ದಿನ, ಕೈ ಹಚ್ಚಬ್ಯಾಡ್ರಿ!"

"ಈ ಬೀದರ ಬಿಸಿಲಾಗ ನಾ ಎಲ್ಲಿ ಮಲಗ್ಲಿ?" ಅರಚಿದೆ.

ಅವಳು ಪಂಜರ ತೋರಿಸಿದಳು. "ನಾಲ್ಕೂ ಕಡಿ ಗಾಳಿ ಅದ, ನಳದ ನೀರದ. ಮುಂಜಾನಿ ನಾ ಎಬ್ಬಸೂದೂ ಬ್ಯಾಡ. ಇಳಿಜಾರದಲ್ರಿ, ತಾವಾಗೇ ಉರುಳಿ ಹೊರಗ ಬರ್ತೀರಿ!"